ಸೂರ್ಯೋದಯ ಕಾಣದ ಷಷ್ಠಿ

ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರಲ್ಲ, ನನ್ನದು ಅಲ್ಲಿಂದಲೂ ಇಳಿದು ನೇರ ಮುಷ್ಟಿಯಲ್ಲಿ ಕೂತಿತ್ತು. ಹತ್ತನೆಯ ವಯಸ್ಸಿನಲ್ಲಿ ಗಾಳಿಪಟದ ಜಗಳದಲ್ಲಿ ಪಕ್ಕದ ಗಲ್ಲಿಯವನ ಎರಡು ಹಲ್ಲು ಬೀಳಿಸಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಮೂರು ಕೀಬೋರ್ಡ್, ಒಂದು ಬಾಗಿಲಿನ ಗಾಜು ಒಡೆದೆ. ಒಮ್ಮೆ ಸೈಕಲ್ ರಿಕ್ಷಾದವನೊಬ್ಬನಿಗೆ ನಡುರಸ್ತೆಯಲ್ಲಿ ಕೆನ್ನೆಗೆ ಬಾರಿಸಿ, ಅವನು ಅಳುವುದನ್ನು ನೋಡಿ ಇನ್ನೂ ಸಿಟ್ಟು ಬಂದು ಮತ್ತೊಂದು ಬಾರಿಸಿದ್ದೆ. ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿಲ್ಲ. ನಾಚಿಕೆಯಾಗುತ್ತದೆ.

ಅಣ್ಣ ಹಾಗಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಅಪ್ಪ ತೀರಿಕೊಂಡಾಗ ನನಗೆ ಹದಿನಾರು. ಅಲ್ಲಿಂದ ಮುಂದೆ ನನ್ನ ಫೀಸು, ನನ್ನ ಜ್ವರ, ನನ್ನ ಪೊಲೀಸ್ ಚೌಕಿ ಎಲ್ಲವನ್ನೂ ನೋಡಿಕೊಂಡವನು ಅವನು. ಚೌಕಿಯಿಂದ ಬಿಡಿಸಿಕೊಂಡು ಬರುವಾಗ ಕೂಡ ದಾರಿಯಲ್ಲಿ ಲಸ್ಸಿ ಕುಡಿಸಿ, "ಊಟ ಮಾಡಿದ್ಯೋ ಇಲ್ವೋ?" ಎಂದಷ್ಟೇ ಕೇಳುತ್ತಿದ್ದ.

ನಮ್ಮ ಮನೆ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ. ಮುತ್ತಜ್ಜನ ಕಾಲದಿಂದಲೂ ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಮನೆತನ. ಅಣ್ಣ ಅದನ್ನೇ ಹಿಡಿದ. ನಾನು ಕಂಟೋನ್ಮೆಂಟಿನ ಕಡೆ ಒಂದು ಸಣ್ಣ ಕಂಪನಿಯಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಸೇರಿದೆ. ಸಂಜೆ ಅವನು ಒದ್ದೆ ಪಂಚೆಯಲ್ಲಿ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ನಾನು ಹೆಲ್ಮೆಟ್ ಹಿಡಿದು ಗಲ್ಲಿಯ ಹಸುಗಳನ್ನು ಬೈಯುತ್ತ ಬರುತ್ತಿದ್ದೆ.

ಪಿತೃಪಕ್ಷದ ಹದಿನೈದು ದಿನ ನಮ್ಮ ಗಲ್ಲಿಯಲ್ಲಿ ಹೊಡೆದಾಟ ಎಂದರೆ ಮಾಮೂಲು. ಸತ್ತವರ ತಿಥಿ ಯಾವುದೋ ಆ ತಿಥಿಯಂದೇ ಪಿಂಡ ಹಾಕಬೇಕು, ಅದೂ ಮಧ್ಯಾಹ್ನದ ಇಂತಿಷ್ಟು ಹೊತ್ತಿನೊಳಗೆ. ಜನ ಸಾವಿರಾರು, ಪುರೋಹಿತರು ಬೆರಳೆಣಿಕೆಯವರು, ದಲ್ಲಾಳಿಗಳು ಅದಕ್ಕೆ ಮೂರು ಪಟ್ಟು. ಒಂದು ವರ್ಷ ಇಬ್ಬರು ಪುರೋಹಿತರು ಶ್ರಾದ್ಧ ಮಾಡಲು ಬಂದ ಒಬ್ಬನೇ ಯಜಮಾನನನ್ನು ಎಡಗಡೆಯಿಂದೊಬ್ಬ ಬಲಗಡೆಯಿಂದೊಬ್ಬ ಎಳೆದು, ಅವನ ಭುಜದ ಕೀಲು ತಪ್ಪಿತು. ಅವನು ನೆಲದಲ್ಲಿ ಹೊರಳುತ್ತಿದ್ದರೂ ಇವರು ಬಿಡದೆ, ಕೊನೆಗೆ ಒಬ್ಬ ಇನ್ನೊಬ್ಬನ ತಲೆಗೆ ತಾಮ್ರದ ಚೊಂಬಿನಿಂದ ಹೊಡೆದ. ಚೊಂಬು ತಗ್ಗಾಯಿತು. ತಲೆ ಒಡೆಸಿಕೊಂಡವನು ನಮ್ಮ ದೊಡ್ಡಪ್ಪನ ಮಗ.

ಅದಾದ ಮೇಲೆ ಗಲ್ಲಿಯ ಪುರೋಹಿತರೆಲ್ಲ ಯಾತ್ರಿಕರು ಇಳಿದುಕೊಳ್ಳುವ ಛತ್ರದಲ್ಲಿ ಸೇರಿದರು. ನಾನು ಎದ್ದು ನಿಂತು, "ಇನ್ನು ಮೇಲೆ ಕಂಪ್ಯೂಟರ್ ಚೀಟಿ ಕೊಡುತ್ತದೆ, ಚೀಟಿ ಇಲ್ಲದೆ ಯಾರೂ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ" ಎಂದೆ. ಯಾತ್ರಿಕ ಛತ್ರದ ಕಚೇರಿಯ ಕಿಟಕಿಗೆ ಬಂದು ತಿಥಿ ಹೇಳುತ್ತಾನೆ. ಅದು ಈ ಪಕ್ಷದಲ್ಲಿ ಯಾವ ದಿನ ಬೀಳುತ್ತದೆ, ಯಾವ ಪುರೋಹಿತ ಖಾಲಿ ಇದ್ದಾನೆ, ಎಷ್ಟು ಗಂಟೆಗೆ, ಎಲ್ಲವನ್ನೂ ನನ್ನ ಪ್ರೋಗ್ರಾಮ್ ಲೆಕ್ಕ ಹಾಕಿ ಚೀಟಿ ಮುದ್ರಿಸುತ್ತದೆ. ಛತ್ರದ ಅಟ್ಟದ ಕೋಣೆಯಲ್ಲಿ ಸರ್ವರ್ ಇಟ್ಟೆವು. ಅದರ ಕೆಳಗಿನ ಕಚೇರಿಯಲ್ಲಿ ಅಣ್ಣ ಕೂರುವುದು ಎಂದಾಯಿತು. ಎರಡು ವರ್ಷ ಒಂದೂ ತಲೆ ಒಡೆಯಲಿಲ್ಲ. ಹಿರಿಯರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿದೆ.

ಮೂರನೆಯ ವರ್ಷ ಪಕ್ಷದ ಮೊದಲ ದಿನದಿಂದಲೇ ಸರ್ವರ್ ಆಗೊಮ್ಮೆ ಈಗೊಮ್ಮೆ ಬಸವಳಿದು ನಿಲ್ಲತೊಡಗಿತು. ಅಣ್ಣನಿಗೆ ನಾನು ಒಂದೇ ಒಂದು ವಿದ್ಯೆ ಕಲಿಸಿದ್ದೆ: ಅಟ್ಟ ಹತ್ತಿ ಬಂದ್ ಮಾಡಿ ಚಾಲೂ ಮಾಡುವುದು. ಅವನು ಅದನ್ನೇ ಮಾಡುತ್ತಿದ್ದ. ಒಂದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು. ಸಂಜೆ ನನಗೆ ಹೇಳಿದಾಗ ನಾನು, "ಮೆಮೊರಿ ಸಾಲುತ್ತಿಲ್ಲ" ಎಂದು ಜಾವಾಕ್ಕೆ ಕೊಟ್ಟ ಮೆಮೊರಿಯನ್ನು ಎರಡು ಪಟ್ಟು ಮಾಡಿದೆ. ನೋಡದೆ ಕೊಟ್ಟ ಔಷಧಿ ಅದು.

ಷಷ್ಠಿಯ ದಿನ ಬೆಳಗ್ಗೆ ಹತ್ತು ಗಂಟೆಗೆ ಅಣ್ಣನ ಫೋನು. "ಐದು ಸಲ ಬಂದ್ ಮಾಡಿ ಚಾಲೂ ಮಾಡ್ದೆ ಕಣೋ. ಹತ್ತ್ ಮಿನಿಟೂ ನಿಲ್ತಿಲ್ಲ. ಇಲ್ಲಿ ಜನದ ಭೀಡ್ ನೋಡಿದ್ರೆ ಹೆದರಿಕೆ ಆಗ್ತಿದೆ."

ಯಾತ್ರಿಕರ ಗುಂಪುಗಳನ್ನು ಸೀಳಿಕೊಂಡು ನಾನು ಛತ್ರ ಮುಟ್ಟುವ ಹೊತ್ತಿಗೆ ಹನ್ನೊಂದೂ ಮುಕ್ಕಾಲು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾದ್ರಪದದ ಕುದಿಯುವ ಸೆಕೆ, ಬೆಳಗಿನಿಂದ ನೀರೂ ಮುಟ್ಟದ ಜನ, ಒದ್ದೆ ಬಟ್ಟೆಯ ವಾಸನೆ. ಕಚೇರಿಯ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು; ಕೆಳಗೆ ಚೀಟಿ ಕೊಡಲು ಕೈ ತೂರುವಷ್ಟು ಕಂಡಿ, ಅದಕ್ಕೆ ಮೇಲಿನಿಂದ ಇಳಿಯುವ ದಪ್ಪ ತಗಡಿನ ಮುಚ್ಚಳ. ಮುಚ್ಚಳವನ್ನು ಎತ್ತಿ ಕೊಂಡಿಗೆ ಸಿಕ್ಕಿಸಿದ್ದರು. ಕಿಟಕಿಯ ಎದುರಿಗೇ ತಲೆ ಬೋಳಿಸಿಕೊಂಡ ಎತ್ತರದ ಆಳೊಬ್ಬ ನಿಂತಿದ್ದ. ಹಾವೇರಿಯ ಕಡೆಯವನಂತೆ. ಪಕ್ಕದಲ್ಲಿ ಅವನ ತಾಯಿ ನೆಲದ ಮೇಲೆ ಕೂತಿದ್ದಳು.

"ಏನ್ರೀ, ಮುಂಜಾನೆ ಆರಕ್ಕ ಬಂದು ನಿಂತೇವಿ," ಎಂದು ಅವನು ಅಣ್ಣನಿಗೆ ಹೇಳುತ್ತಿದ್ದ. "ಪಂಚಮಿಯವರಿಗೆ ಚೀಟಿ ಬಂತು, ನಮ್ಮಪ್ಪನ ಷಷ್ಠಿಗೆ ಬರವಲ್ದು. ನಮ್ಮಪ್ಪಗ ಪಿಂಡ ಬ್ಯಾಡ ಅಂತೈತೇನ್ರಿ ನಿಮ್ಮ ಮಷೀನು?"

ಅವನು ಹೇಳಿದ ಆ ಒಂದು ಮಾತಿನಲ್ಲಿ ಇಡೀ ಉತ್ತರವಿತ್ತು. ನನ್ನ ಕಿವಿಗೆ ಅದು ಬೈಗುಳವಾಗಿ ಮಾತ್ರ ಕೇಳಿತು.

ಅಣ್ಣ ಅಟ್ಟಕ್ಕೆ ನನ್ನ ಹಿಂದೆಯೇ ಬಂದ. ಬಂದವನೇ ಬಂದ್ ಮಾಡಲು ಕೈ ಚಾಚಿದ. ನಾನು ಅವನ ಕೈ ತಳ್ಳಿದೆ. "ಮುಟ್ಟಬೇಡ. ನೀನು ಬಂದ್ ಮಾಡಿದಾಗೆಲ್ಲ ಸಾಕ್ಷಿ ಅಳಿಸಿಹೋಗ್ತಿದೆ. ಹೊತ್ತಿ ಉರೀತಿರುವಾಗಲೇ ನೋಡಬೇಕು, ಯಾರು ಉರಿಸ್ತಿದ್ದಾರೆ ಅಂತ."

"ಎಷ್ಟು ಹೊತ್ತೋ?"

"ಪಾಂಚ್ ಮಿನಿಟ್."

ಅವನನ್ನು ಹೊರಗೆ ಕಳಿಸಿ ಬಾಗಿಲಿಗೆ ಚಿಲಕ ಹಾಕಿಕೊಂಡೆ. ಅವನು ಮತ್ತೆ ಬಂದು ಬಂದ್ ಮಾಡಬಾರದು ಎಂದೇ ಹಾಕಿದ್ದು.

ಯಂತ್ರದಲ್ಲಿ ಯಾವ ಪ್ರೋಗ್ರಾಮ್ ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಪಟ್ಟಿ ತೆರೆದೆ. ಜಾವಾದ ಮುಂದೆ ಮುನ್ನೂರ ತೊಂಬತ್ತೆಂಟು ಎಂದಿತ್ತು. ಈ ಲೆಕ್ಕದಲ್ಲಿ ಒಂದು ಕೋರ್, ಅಂದರೆ ಯಂತ್ರದ ಒಂದು ಮಿದುಳು, ಪೂರ್ತಿ ದುಡಿದರೆ ನೂರು. ನಮ್ಮ ಸರ್ವರಿನಲ್ಲಿ ನಾಲ್ಕು ಕೋರ್. ನಾಲ್ಕು ಒಲೆಯ ಅಡುಗೆಮನೆಯಲ್ಲಿ ನಾಲ್ಕರ ಮೇಲೂ ಯಾರೋ ಖಾಲಿ ಹಂಡೆ ಇಟ್ಟು ಉರಿ ಹಚ್ಚಿ ಹೋದಂತೆ. ಉಳಿದವರ ಅನ್ನ ಎಲ್ಲಿ ಬೇಯಬೇಕು?

ಇಲ್ಲಿಂದ ನಾನು ಸರಿಯಾದ ದಾರಿಗೆ ಹೋಗಬಹುದಿತ್ತು. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೆಮೊರಿ ತುಂಬಿದಾಗ ಜಾವಾ ತನ್ನ ಕಸ ತಾನೇ ಗುಡಿಸಲು ಹೊರಟು ಇಡೀ ಯಂತ್ರವನ್ನು ತಿಂದುಬಿಡುವುದುಂಟು. ಇದೂ ಅದೇ ಎಂದು ಮೊದಲೇ ತೀರ್ಪು ಕೊಟ್ಟಾಗಿತ್ತಲ್ಲ. ಆ ತೀರ್ಪನ್ನು ನಿಜ ಮಾಡಲು ಆರು ನಿಮಿಷ ಹಾಳು ಮಾಡಿದೆ. ಮೆಮೊರಿ ಅರ್ಧಕ್ಕರ್ಧ ಖಾಲಿ ಇತ್ತು. ಕಸ ಗುಡಿಸುವ ಕೆಲಸ ಕೈಕಟ್ಟಿ ಕೂತಿತ್ತು. ಸಿಟ್ಟಿಗೆ ಮೇಜಿಗೆ ಗುದ್ದಿದೆ, ಗೆಣ್ಣಿನ ಚರ್ಮ ಕಿತ್ತಿತು.

ಕೆಳಗಿನಿಂದ ಅಣ್ಣನ ಧ್ವನಿ ಬಂತು. "ಬಂದ್ ಮಾಡೋ! ಒಂದ್ಸಲ ಬಂದ್ ಮಾಡಿ ಚಾಲೂ ಮಾಡು, ಇಷ್ಟು ಜನ ಮುಗೀಲಿ, ಆಮೇಲೆ ನೋಡ್ಕೋ!"

"ಆಯ್ತು, ಆಯ್ತು, ಬಂತು!" ಎಂದು ಕೂಗಿದೆ. ಏನೂ ಬಂದಿರಲಿಲ್ಲ.

ಸರ್ವರಿನ ಒಳಗೆ ಒಂದೇ ಹೊತ್ತಿಗೆ ಹತ್ತಾರು ಕೆಲಸಗಳು ನಡೆಯುತ್ತಿರುತ್ತವೆ, ಒಂದೊಂದಕ್ಕೂ ಒಂದೊಂದು ಥ್ರೆಡ್. ಈಗ ಥ್ರೆಡ್‌ಗಳ ಪಟ್ಟಿ ತೆರೆದೆ. ಬರೋಬ್ಬರಿ ನಾಲ್ಕು ಥ್ರೆಡ್‌ಗಳು ನಾಲ್ಕು ಕೋರ್‌ಗಳನ್ನು ಹಿಡಿದು ಕೂತಿದ್ದವು. ಅವುಗಳ ಸಂಖ್ಯೆ ಬರೆದುಕೊಂಡೆ. ಯಾವ ಥ್ರೆಡ್ ಯಾವ ಸಾಲಿನಲ್ಲಿದೆ ಎಂದು ಹೇಳುವ ಥ್ರೆಡ್ ಡಂಪ್ ತೆಗೆದರೆ ಅದರಲ್ಲಿ ಇದೇ ಸಂಖ್ಯೆಗಳು ಹದಿನಾರರ ಲೆಕ್ಕದಲ್ಲಿರುತ್ತವೆ, ಹಾಗಾಗಿ ಅವನ್ನು ಬದಲಾಯಿಸಿಕೊಳ್ಳಬೇಕು. ಬೆವರು ಹಾಳೆಯ ಮೇಲೆ ಬಿದ್ದು ಅಂಕಿ ಅಳಿಸಿತು. ಮತ್ತೆ ಬರೆದೆ. ಡಂಪ್ ಕೇಳಿದರೆ ಯಂತ್ರ ನಿರಾಕರಿಸಿತು. ಸರ್ವರ್ ಬೇರೆ ಲಾಗಿನ್ನಿನಲ್ಲಿ ನಡೆಯುತ್ತಿತ್ತು, ಅದರಲ್ಲೇ ಕೇಳಬೇಕಿತ್ತು. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಲು ಒಂದೊಂದಕ್ಕೂ ಎರಡು ಮೂರು ಸೆಕೆಂಡು ಹಿಡಿಯುತ್ತಿತ್ತು.

ಕೆಳಗೆ ಗಾಜು ಒಡೆದ ಸದ್ದು. ಯಾರೋ ಕುರ್ಚಿ ಎಸೆದಿದ್ದರು. "ಮಾರೋ ಸಾಲೇ ಕೋ!" ಎಂದು ಹಿಂದಿಯಲ್ಲಿ, ಅದನ್ನೇ ತೆಲುಗಿನಲ್ಲಿ, ಅದನ್ನೇ "ಹೊಡೀರಿ ಆ ಮಗನ್ನ!" ಎಂದು ಕನ್ನಡದಲ್ಲಿ. ಚಪ್ಪಲಿಯೊಂದು ಹಾರಿ ಬಂದು ನನ್ನ ಕಿಟಕಿಯ ಸರಳಿಗೆ ಬಡಿಯಿತು. ಹೆಂಗಸರು ಚೀರಿದರು. ನಡುವೆ ಅಣ್ಣ: "ತಮ್ಮಾ, ಬಂದ್ ಮಾಡೋ!"

ಮೊದಲ ಡಂಪ್ ಬಂತು. ನಾಲ್ಕೂ ಥ್ರೆಡ್‌ಗಳು ಒಂದೇ ಕಡೆ ನಿಂತಿದ್ದವು, ತಿಥಿಯನ್ನು ಹುಡುಕುವ ಭಾಗದಲ್ಲಿ. ಅದನ್ನು ಬರೆದವನು ನಾನೇ.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ಗಳಿಗೆಯಲ್ಲಿ ಸಾಕ್ಷಿ ನನ್ನ ಕೈಯಲ್ಲಿತ್ತು. ಡಂಪ್ ಉಳಿಸಿಕೊಂಡಾಗಿತ್ತು. ಬಂದ್ ಮಾಡಿ ಚಾಲೂ ಮಾಡಿದ್ದರೆ ಹತ್ತು ನಿಮಿಷ ಚೀಟಿ ಹೊರಡುತ್ತಿತ್ತು, ಕೆಳಗಿನ ಜನಕ್ಕೆ ಒಂದಷ್ಟು ಉಸಿರು ಬರುತ್ತಿತ್ತು, ನಾನು ಆರಾಮಾಗಿ ಕೂತು ಓದಬಹುದಿತ್ತು. ಮಾಡಲಿಲ್ಲ. ಒಂದು ಡಂಪ್ ಸಾಲದು, ಹತ್ತತ್ತು ಸೆಕೆಂಡು ಬಿಟ್ಟು ಮೂರು ತೆಗೆಯಬೇಕು, ಮೂರರಲ್ಲೂ ಅದೇ ಥ್ರೆಡ್ ಅದೇ ಜಾಗದಲ್ಲಿದ್ದರೆ ಮಾತ್ರ ಅದು ಸಿಕ್ಕಿಬಿದ್ದಿದೆ ಎಂದು ಹೇಳಬಹುದು. ನಾನು ಕಲಿತದ್ದು ಹಾಗೆ. ಎರಡನೆಯದು ತೆಗೆದೆ. ಮೂರನೆಯದು ತೆಗೆದೆ. ಆಮೇಲೆ ನನ್ನದೇ ಪ್ರೋಗ್ರಾಮ್ ತೆರೆದು ಓದುತ್ತ ಕೂತೆ. ಏಕೆಂದರೆ ತಪ್ಪು ನನ್ನದಲ್ಲ ಎಂದು ತೋರಿಸಬೇಕಿತ್ತು. ಹಠ. ಬೇರೇನೂ ಅಲ್ಲ.

ನಾನು ಬರೆದದ್ದು ಇಷ್ಟು: ಪಕ್ಷದ ಮೊದಲ ದಿನದಿಂದ ಹೊರಡು, ಸೂರ್ಯೋದಯದಲ್ಲಿ ಯಾವ ತಿಥಿ ಎಂದು ನೋಡು, ಬೇಕಾದದ್ದು ಅಲ್ಲದಿದ್ದರೆ ಮುಂದಿನ ದಿನಕ್ಕೆ ಹೋಗು, ಅಮಾವಾಸ್ಯೆ ದಾಟಿದರೆ ಮತ್ತೆ ಮೊದಲಿನಿಂದ ಹುಡುಕು, ಸಿಗುವವರೆಗೂ ಬಿಡಬೇಡ. ಆ ವರ್ಷ ಷಷ್ಠಿ ಆವತ್ತು ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಮಾರನೆಯ ಸೂರ್ಯ ಹುಟ್ಟುವ ಮುಂಚೆಯೇ ಮುಗಿಯುತ್ತಿತ್ತು. ಯಾವ ಸೂರ್ಯೋದಯಕ್ಕೂ ಅದು ಸಿಗುವುದಿಲ್ಲ. ಪಂಚಾಂಗದಲ್ಲಿ ಅದಕ್ಕೆ ಕ್ಷಯ ತಿಥಿ ಎನ್ನುತ್ತಾರೆ. ಷಷ್ಠಿಯ ಮಗ ಒಬ್ಬೊಬ್ಬ ಬಂದು ಅಪ್ಪನ ತಿಥಿ ಹೇಳಿದಾಗಲೂ ಒಂದೊಂದು ಥ್ರೆಡ್ ಹೊರಟು ಹದಿನೈದು ದಿನಗಳನ್ನು ಸುತ್ತಿ ಸುತ್ತಿ, ಇಲ್ಲದ ಸೂರ್ಯೋದಯವನ್ನು ಹುಡುಕುತ್ತ ಒಂದು ಕೋರನ್ನು ತಿನ್ನುತ್ತಿತ್ತು. ನಾಲ್ಕು ಜನ ಬಂದರೆ ನಾಲ್ಕೂ ಕೋರ್ ಮುಗಿಯಿತು. ಹಿಂದಿನ ದಿನಗಳಲ್ಲಿ ಷಷ್ಠಿಯ ಚೀಟಿ ಮುಂಚಿತವಾಗಿ ಕೇಳಿದವರು ಆಗೊಬ್ಬ ಈಗೊಬ್ಬ, ನಾಲ್ಕು ಜನ ಆಗಲು ಹೊತ್ತು ಹಿಡಿಯುತ್ತಿತ್ತು. ಆವತ್ತು ಷಷ್ಠಿಯವರೆಲ್ಲ ಒಟ್ಟಿಗೆ ಬಂದಿದ್ದರು.

"ಸಿಕ್ತು!" ಎಂದು ಕೂಗಿದೆ. ನಿಜವಾಗಿ ಖುಷಿಯಿಂದ ಕೂಗಿದೆ.

ಅದೇ ಹೊತ್ತಿಗೆ ಕೆಳಗೆ ಅಣ್ಣ ಕಿರುಚಿದ. ಈ ಸಲ "ಬಂದ್ ಮಾಡು" ಎಂದಲ್ಲ. "ಅಪ್ಪಾ" ಎಂದು.

ಏನಾಗಿತ್ತೆಂದು ಆಮೇಲೆ ಗೊತ್ತಾಯಿತು. ಅಣ್ಣ ಕಾದು ಸಾಕಾಗಿ, ನಿಯಮ ಮುರಿದು, ಕೈಯಲ್ಲೇ ಚೀಟಿ ಬರೆಯತೊಡಗಿದ್ದ. ಮೊದಲ ಚೀಟಿ ಆ ಬೋಳುತಲೆಯವನಿಗೆಂದು ಕಂಡಿಯಿಂದ ಬಲಗೈ ಹೊರಗೆ ಚಾಚಿದ. ಚೀಟಿ ಕಂಡದ್ದೇ ತಡ, ಹತ್ತು ಕೈಗಳು ಅಣ್ಣನ ಮಣಿಕಟ್ಟು ಹಿಡಿದವು. ಒಬ್ಬ ಎಳೆದ, ಇನ್ನೊಬ್ಬ ತಿರುಚಿದ, ಹಿಂದಿನವರು ತಳ್ಳಿದರು. ಅಣ್ಣ ಕೈ ಹಿಂದಕ್ಕೆ ಕಿತ್ತುಕೊಳ್ಳುವಷ್ಟರಲ್ಲಿ ಕೊಂಡಿ ಜಾರಿ ತಗಡಿನ ಮುಚ್ಚಳ ಅಂಗೈಯ ಮೇಲೆ ಬಿತ್ತು. ಬಿದ್ದ ಮುಚ್ಚಳದ ಮೇಲೆ ಗುಂಪು ಒರಗಿತು.

ನಾನು ಮೆಟ್ಟಿಲು ಹಾರಿ ಅಂಗಳಕ್ಕೆ ಬಂದಾಗ ಕಂಡದ್ದು, ಮುಚ್ಚಳದ ಮೇಲೆ ಎರಡೂ ಕೈ ಇಟ್ಟು ನಿಂತಿದ್ದ ಆ ಬೋಳುತಲೆ. ನಾನು ಏನೂ ಕೇಳಲಿಲ್ಲ. ಅವನ ಭುಜ ಹಿಡಿದು ತಿರುಗಿಸಿ ಮುಖಕ್ಕೆ ಗುದ್ದಿದೆ. ಮೂಗಿನ ಎಲುಬು ಮುರಿದದ್ದು ನನ್ನ ಮುಷ್ಟಿಗೆ ತಿಳಿಯಿತು. ಬಿದ್ದ ಮೇಲೆ ಒದ್ದೆ. ಎರಡು ಸಲ ಒದ್ದೆ. ಅವನ ತಾಯಿ ನನ್ನ ಕಾಲಿಗೆ ತೆಕ್ಕೆ ಬಿದ್ದು, "ಬಿಡೋ ಯಪ್ಪಾ, ಅವ ಎತ್ತಿ ಹಿಡದಾನ, ಅವ ಎತ್ತಿ ಹಿಡದಾನ!" ಎಂದು ಬಡಬಡಿಸುತ್ತಿದ್ದಳು.

ಹೌದು, ಅವನು ಮುಚ್ಚಳ ಎತ್ತಿ ಹಿಡಿದಿದ್ದ. ಅವನು ಎತ್ತಿದ್ದರಿಂದಲೇ ಅಣ್ಣನ ಕೈ ಒಳಕ್ಕೆ ಹೋಗಿತ್ತು.

ಅವನ ಮೂಗಿನ ರಕ್ತ ನಾಲ್ಕು ಗಂಟೆಯಾದರೂ ನಿಲ್ಲಲಿಲ್ಲ. ರಕ್ತ ಸುರಿಯುವ ಮೈಯಲ್ಲಿ ಶ್ರಾದ್ಧಕ್ಕೆ ಕೂರುವಂತಿಲ್ಲ. ಅಮಾವಾಸ್ಯೆಗೆ ಮಾಡಬಹುದು ಎಂದು ಯಾರೋ ಹೇಳಿದರಂತೆ. ಅವನ ರೈಲು ಮಾರನೆಯ ದಿನವಿತ್ತು. ಪೊಲೀಸರು ಬಂದಾಗ ಅವನು ದೂರು ಕೊಡಲಿಲ್ಲ. ತಾಯಿಯ ಕೈ ಹಿಡಿದು ಹರಿಶ್ಚಂದ್ರ ಘಾಟಿನ ಕಡೆ ನಡೆದುಹೋದ. ನಾನು ಕ್ಷಮೆ ಕೇಳಲು ಹೋಗಲಿಲ್ಲ, ಅಣ್ಣನ ಜೊತೆ ಆಸ್ಪತ್ರೆಗೆ ಹೋಗಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಅಣ್ಣನ ಬಲಗೈಯ ಮೂರು ಎಲುಬು ಪುಡಿಯಾಗಿದ್ದವು, ಹೆಬ್ಬೆರಳಿನ ನರ ಕತ್ತರಿಸಿಹೋಗಿತ್ತು. ವಾರ್ಡಿನಲ್ಲಿ ಅವನು ಮೊದಲು ಕೇಳಿದ್ದು, "ಎಲ್ಲಿತ್ತೋ ತಪ್ಪು?"

ಹೇಳಿದೆ. ಅವನು ನೋವಿನಲ್ಲೂ ಹುಬ್ಬು ಗಂಟಿಕ್ಕಿದ.

"ಸೂರ್ಯೋದಯ ನೋಡಿದ್ಯಾ? ಶ್ರಾದ್ಧಕ್ಕೆ ಯಾರೋ ಸೂರ್ಯೋದಯದ ತಿಥಿ ನೋಡ್ತಾರೆ? ಹಬ್ಬಕ್ಕೆ ನೋಡ್ತಾರೆ. ಶ್ರಾದ್ಧಕ್ಕೆ ಅಪರಾಹ್ಣ. ಮಧ್ಯಾಹ್ನದ ಮೇಲೆ ಯಾವ ತಿಥಿ ಇದೆಯೋ ಅದು. ಅಪ್ಪ ಹೇಳ್ತಿರ್ಲಿಲ್ವಾ? ಷಷ್ಠಿ ಇವತ್ತೇ ಅಲ್ವಾ, ಇದರಲ್ಲಿ ಹುಡುಕೋದೇನು ಬಂತು?"

ಹಿತ್ತಲ ಗಿಡ ಮದ್ದಲ್ಲ. ಮೂರು ವರ್ಷ ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದವನನ್ನು ನಾನು ಒಂದು ಮಾತು ಕೇಳಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ತಿಥಿ ಅಚ್ಚಾಗಿರುತ್ತದಲ್ಲ, ಅದನ್ನು ನೋಡಿಯೇ ಬರೆದಿದ್ದೆ. ಪುರೋಹಿತರ ಮನೆಯಲ್ಲಿ ಹುಟ್ಟಿದವನಿಗೆ ಇದೂ ಗೊತ್ತಿಲ್ಲವೇ ಎಂದು ಯಾರಾದರೂ ನಗುತ್ತಾರೆಂದು ಕೇಳಿರಲಿಲ್ಲ.

ಅವನು ಇನ್ನೊಂದು ಕೇಳಿದ. "ಅಷ್ಟು ಸಲ ಕೂಗ್ದೆ. ಬಂದ್ ಮಾಡ್ಬಹುದಿತ್ತಲ್ವಾ?"

"ಆಗ್ತಿರ್ಲಿಲ್ಲ ಅಣ್ಣಾ," ಎಂದೆ. "ಮಷೀನ್ ಕೇಳ್ತಿರ್ಲಿಲ್ಲ."

"ಹೌದಾ," ಎಂದು ಕಣ್ಣು ಮುಚ್ಚಿದ. ಅವನು ನಂಬಿದ.

ಪುಷ್ಯ ಮಾಸದಲ್ಲಿ ಅಪ್ಪನ ಶ್ರಾದ್ಧ ಬಂತು. ಹಿರಿಯ ಮಗನಾಗಿ ಪ್ರತಿವರ್ಷ ಮಾಡುತ್ತಿದ್ದವನು ಅಣ್ಣ. ಪಿತೃಗಳಿಗೆ ನೀರು ಬಿಡುವಾಗ ಅಂಗೈಯನ್ನು ಬಲಕ್ಕೆ ವಾಲಿಸಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನಿಂದ ಬಿಡಬೇಕು. ಬ್ಯಾಂಡೇಜ್ ಬಿಚ್ಚಿ ತಿಂಗಳಾಗಿತ್ತು. ಅವನು ಬಲ ಅಂಗೈಯಲ್ಲಿ ನೀರು ತೆಗೆದುಕೊಂಡ, ವಾಲಿಸಿದ, ನೀರೆಲ್ಲ ಬೆರಳ ಸಂದಿಯಿಂದ ಮುಂಗೈಗೆ ಹರಿದು ಮಡಿಲಿಗೆ ಬಿತ್ತು. ಇನ್ನೊಮ್ಮೆ ಮಾಡಿದ. ಹೆಬ್ಬೆರಳು ಬಾಗಲೇ ಇಲ್ಲ. ಮೂರನೆಯ ಸಲವೂ ಹಾಗೇ ಆದಾಗ ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳತೊಡಗಿದಳು.

ಅಣ್ಣ ಬೆರಳಿನಿಂದ ದರ್ಭೆಯ ಪವಿತ್ರವನ್ನು ತೆಗೆದು, ಎಡಗೈಯಿಂದ ನನ್ನ ಬೆರಳಿಗೆ ತೊಡಿಸಿದ. "ನೀನು ಕೂತ್ಕೋ. ನಾನು ಹೇಳಿಕೊಡ್ತೀನಿ," ಎಂದ. ಅತ್ತಿಗೆಯ ಕಡೆ ತಿರುಗಿ, "ಅಳಬೇಡ್ವೇ, ಇವನೇನು ಮಾಡ್ತಾನೆ. ಮಷೀನ್ ಕೇಳ್ಲಿಲ್ಲ," ಎಂದ.

ಅಪ್ಪನ ಹೆಸರು ಹೇಳಬೇಕಾದ ಬಾಯಲ್ಲಿ ಆ ಸುಳ್ಳು ಕೂತಿತ್ತು. ನನ್ನಿಂದ ಆಗಲಿಲ್ಲ. "ಮಷೀನ್ ಕೇಳ್ತಿತ್ತು ಅಣ್ಣಾ," ಎಂದೆ. "ಒಂದು ನಿಮಿಷದ ಕೆಲಸ. ನಾನೇ ಮಾಡಲಿಲ್ಲ. ತಪ್ಪು ಎಲ್ಲಿದೆ ಅಂತ ನೋಡಬೇಕಿತ್ತು ನನಗೆ."

ಅವನು ನನ್ನನ್ನೇ ನೋಡಿದ. ಆಮೇಲೆ ಎಡಗೈಯಿಂದ ಹೊಡೆದ. ಕೆನ್ನೆಗೆ, ಕಿವಿಗೆ, ಮತ್ತೆ ಕೆನ್ನೆಗೆ. ಕಿವಿಯಲ್ಲಿ ಗುಂಯ್ ಎಂದಿತು. ಅತ್ತಿಗೆ ಓಡಿ ಬಂದು ಅವನ ಕೈ ಹಿಡಿದಳು, ಅವನು ಕೊಡವಿ ಇನ್ನೊಂದು ಹೊಡೆದ. ನಾನು ಕೈ ಎತ್ತಲಿಲ್ಲ. ಎತ್ತಬೇಕೆಂದು ಅನ್ನಿಸಲೂ ಇಲ್ಲ, ಇನ್ನೂ ಹೊಡೆಯಲಿ ಎಂದೇ ಅನ್ನಿಸಿತು.

ಅವನು ನಿಲ್ಲಿಸಿದ. ಉಸಿರು ಸರಿಮಾಡಿಕೊಂಡು, ಎಳ್ಳಿನ ಬಟ್ಟಲನ್ನು ನನ್ನ ಕಡೆ ಸರಿಸಿ, ಮಂತ್ರ ಹೇಳಿದ. ನಾನು ಹೇಳಿದೆ. ನೀರು ಬಿಟ್ಟೆ.

ಇದಾಗಿ ನಾಲ್ಕು ವರ್ಷ. ನಾವು ಒಂದೇ ಮನೆಯಲ್ಲಿದ್ದೇವೆ, ಒಂದೇ ಅಡುಗೆ. ಏನು ಬೇಕಾದರೂ ಅವನು ಅತ್ತಿಗೆಗೆ ಹೇಳುತ್ತಾನೆ, ಅವಳು ನನಗೆ ಹೇಳುತ್ತಾಳೆ. ಅಪ್ಪನ ಶ್ರಾದ್ಧದ ದಿನ ಮಾತ್ರ ಅವನು ನನ್ನ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾನೆ. ನಾನು ಅವನು ಹೇಳಿದಂತೆ ಹೇಳುತ್ತೇನೆ. ಕೊನೆಯ ಮಂತ್ರ ಮುಗಿಯುತ್ತದೆ, ಅವನು ಎದ್ದು ಹೋಗುತ್ತಾನೆ.